ಪೋರ್ಟೆಂಡ್ ಎಂದರೆ ಕೈ ಚಾಚುವುದು

ಆ ವಾರ ನಾನು ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ಅಕ್ಕನ ಮನೆಯಲ್ಲಿದ್ದೆ. ನನ್ನ ಮನೆ ಪರ್ತ್‌ನ ಜೂಂಡಲಪ್‌ನಲ್ಲಿ. ಗಣಿ ಕಂಪನಿಯೊಂದರಲ್ಲಿ ಭೂವಿಜ್ಞಾನಿಯಾದ ನಾನು ಟ್ರೈನಿಂಗಿಗೆಂದು ಬಂದಿದ್ದೆ. ಗಂಡ ಒಂದು ವರ್ಷದ ಕೆಲಸದ ಮೇಲೆ ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕಿನಲ್ಲಿದ್ದ. ಅವನ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿಕೊಂಡು, ಡಾಕ್ಟರು ಸೂಜಿಯಿಂದ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟ್ ಶುಕ್ರವಾರ. "ನೀನು ಬಂದು ಏನ್ಮಾಡ್ತೀಯ, ಅಕ್ಕನ ಮನೇಲಿರು" ಎಂದಿದ್ದ. ಇದ್ದೆ, ಅಷ್ಟೆ. ಜೀವವೆಲ್ಲ ಅವನ ಹತ್ತಿರವೇ ಇತ್ತು.

ಸೋಮವಾರ ಸಂಜೆ ಅಕ್ಕನ ಮಗಳು ಹೋಂವರ್ಕ್ ಹಿಡಿದು ಅಡುಗೆಮನೆಯ ಮೇಜಿಗೆ ಬಂದಳು. "ಚಿಕ್ಕಿ, ವಾಟ್ ಡಸ್ ಪೋರ್ಟೆಂಡ್ ಮೀನ್?"

ಮುನ್ಸೂಚನೆ ಕೊಡುವುದು ಎಂದೆ. ಅದು ಸಪ್ಪೆ ಅನ್ನಿಸಿ ಫೋನಿನಲ್ಲಿ ನಿಘಂಟು ತೆಗೆದೆ. ಲ್ಯಾಟಿನ್ ಮೂಲದ ಕ್ರಿಯಾಪದ, ಮುಂದಕ್ಕೆ ಚಾಚು ಎಂದು ಅರ್ಥ. ದಿನಕ್ಕೆ ಹತ್ತು ಸಲ ನಾವು ಹೇಳುವ ಟೆನ್ಷನ್ ಕೂಡ ಅದೇ ಬೇರಿನದು. ಒಳ್ಳೆಯದಕ್ಕಿಂತ ಕೇಡಿಗೇ ಈ ಮಾತಿನ ಬಳಕೆ ಹೆಚ್ಚು. ಅಂದರೆ ಬರಲಿರುವ ಕೇಡು ತಾನು ಬರುವ ಮೊದಲೇ ನಮ್ಮ ಕಡೆಗೆ ಕೈ ಚಾಚುತ್ತದೆ. ಓದುತ್ತಿದ್ದಂತೆ ನನಗೆ ಹೆದರಿಕೆಯಾಯಿತು.

"ಐ ನೀಡ್ ಎ ಸೆಂಟೆನ್ಸ್" ಎಂದಳು ಹುಡುಗಿ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಒಂದು ಪುಟ್ಟ ಗಂಟು ಆ ಮನೆಗೆ ಬರಲಿದ್ದ ಸಾವನ್ನು ಸೂಚಿಸಿತು. ಮಾತು ಮುಗಿಯಿತೋ ಇಲ್ಲವೋ, ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಲೊಚಗುಟ್ಟಿತು.

ಅಕ್ಕ ಮೇಜು ಕುಟ್ಟಿ "ಕೃಷ್ಣ ಕೃಷ್ಣ" ಎಂದಳು. ಹಲ್ಲಿ ನುಡಿದರೆ ಆಡಿದ ಮಾತು ನಿಜವಾಗುತ್ತದೆ ಎಂದು ಅಮ್ಮ ನಮಗೆ ಹೇಳಿಕೊಟ್ಟಿದ್ದಳು. "ಬಿಡ್ತು ಅನ್ನೇ! ಅಸ್ತು ದೇವತೆಗಳು ಓಡಾಡ್ತಿರ್ತವೆ."

"ಅವಕ್ಕೂ ಆಸ್ಟ್ರೇಲಿಯಾ ವೀಸಾ ಸಿಕ್ತಾ?" ಎಂದು ನಕ್ಕೆ. ಬಿಡ್ತು ಅನ್ನಲಿಲ್ಲ. ನನ್ನದು ಹಾಳು ಹಟ. "ಇಟ್ಸ್ ಜಸ್ಟ್ ಎ ಗೆಕ್ಕೋ, ಮಮ್" ಎಂದು ಹುಡುಗಿಯೂ ನಕ್ಕಳು. ಅಕ್ಕನ ಮುಖ ಬಿಳಿಚಿಕೊಂಡಿತ್ತು.

ಆಮೇಲೆ ಹಲ್ಲಿ ಒಮ್ಮೆಯೂ ಸದ್ದು ಮಾಡಲಿಲ್ಲ. ಆದರೆ ಜಾಗ ಬಿಟ್ಟು ಕದಲಲೂ ಇಲ್ಲ. ಊಟಕ್ಕೆ ಕೂತಾಗಲೆಲ್ಲ ನನ್ನನ್ನೇ ನೋಡುತ್ತಿತ್ತು. ಗುರುವಾರದ ಹೊತ್ತಿಗೆ ನನ್ನ ವಿಜ್ಞಾನವೆಲ್ಲ ಕರಗಿಹೋಗಿತ್ತು. ಯಾರಿಗೂ ಕಾಣದಂತೆ ಬಿಡ್ತು ಅಂದುಬಿಡೋಣ ಎಂದು ಟ್ರೈನಿಂಗಿನಿಂದ ಬೇಗ ಬಂದೆ. ಅಡುಗೆಮನೆಯಲ್ಲಿ ಅಕ್ಕ ಒಬ್ಬಳೇ ನಿಂತಿದ್ದಳು. ಕಣ್ಣು ಮುಚ್ಚಿ, ಬೆರಳಿನಿಂದ ಮೇಜು ಕುಟ್ಟುತ್ತ, "ಬಿಡ್ತು, ಬಿಡ್ತು" ಎನ್ನುತ್ತಿದ್ದಳು. ನನ್ನ ಗಂಡನಿಗಾಗಿ ಇಷ್ಟು ಹೆದರಿದ್ದಾಳಲ್ಲ ಎಂದು ಕಣ್ಣು ತುಂಬಿ ಬಂತು. ಸದ್ದಿಲ್ಲದೆ ಹಿಂದೆ ಸರಿದೆ.

ಶುಕ್ರವಾರ ಬೆಳಿಗ್ಗೆ ಗಂಡನ ಫೋನ್ ಬಂತು. "ಏನೂ ಇಲ್ವಂತೆ ಕಣೇ, ಬರೀ ನೀರು ತುಂಬಿದ ಗಂಟಂತೆ!" ನಾನು ಅಕ್ಕನನ್ನು ತಬ್ಬಿಕೊಂಡು ಅತ್ತೆ, ನಕ್ಕೆ, ಬೈದೆ.

"ಒಳ್ಳೇದಾಯ್ತು" ಎಂದು ಅಕ್ಕ ನನ್ನ ತಲೆ ಸವರಿದಳು. ನನಗೆ ತಿಂಡಿ ಬಡಿಸುತ್ತ, "ನಂದು ಮಂಗಳವಾರ ಬರುತ್ತೆ" ಎಂದಳು.

"ಏನು?"

"ರಿಪೋರ್ಟು. ಹೊಟ್ಟೇಲೊಂದು ಗಂಟಿದೆಯಂತೆ. ನಿಂಗೇ ಸಾಕಾಗಿತ್ತಲ್ಲ, ಅದಕ್ಕೆ ಹೇಳ್ಲಿಲ್ಲ."

ಮೇಲಿನ ಕಲ್ಲು ನೋಡಿ ನೆಲದೊಳಗೆ ಏನಿದೆ ಎಂದು ಹೇಳುವುದು ನನ್ನ ಕೆಲಸ. ಐದು ದಿನ ಅಕ್ಕ ಬಡಿಸಿದ್ದನ್ನು ಹೊಟ್ಟೆತುಂಬ ಉಂಡಿದ್ದೆ. ಅವಳು ಒಂದು ದಿನವೂ ನನ್ನ ಜೊತೆ ತಟ್ಟೆ ಹಾಕಿಕೊಂಡು ಕೂತಿರಲಿಲ್ಲ.