ಜಯಮ್ಮನ ರಕ್ತದಲ್ಲಿ ಕಾಣದಿದ್ದ ಉರಿಯೂತ

1996ರಲ್ಲಿ ನಾನು ಕೃಷ್ಣರಾಜಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ಪಾಲಹಳ್ಳಿಯಿಂದ ಬಂದು ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಕೋಣೆ ಹಿಡಿದಿದ್ದೆ. ದಿನಕ್ಕೆ ಎಷ್ಟು ಪರೀಕ್ಷೆ ಮಾಡಿದೆ, ಎಷ್ಟನ್ನು ಮತ್ತೆ ಮಾಡಬೇಕಾಯಿತು ಎಂದು ದಿನಚರಿಯಲ್ಲಿ ಬರೆದಿಡುವ ಅಭ್ಯಾಸವಿತ್ತು. ಆಗಸ್ಟ್ 21ರ ಪುಟದಲ್ಲಿ ಒಬ್ಬರ ಹೆಸರೇ ಮತ್ತೆ ಮತ್ತೆ ಬಂದಿದೆ: ಜಯಮ್ಮ, 52 ವರ್ಷ, ಬೂಕನಕೆರೆ.

ಬೆಳಗ್ಗೆ ಹತ್ತರ ಹೊತ್ತಿಗೆ ಅವರನ್ನು ಕರೆತಂದರು. ಮೂರು ದಿನದಿಂದ ವಾಂತಿ, ಊಟವಿಲ್ಲ, ಮಾತು ತಡವರಿಸುತ್ತಿತ್ತು. ನಾಡಿ 124, ರಕ್ತದೊತ್ತಡ 80ಕ್ಕೆ ಇಳಿದಿತ್ತು. ಜ್ವರ ಮಾತ್ರ ಇರಲಿಲ್ಲ, ಕೈಕಾಲು ತಣ್ಣಗಿದ್ದವು. ಡಾಕ್ಟರರಿಗೆ ಸೆಪ್ಸಿಸ್ ಇರಬಹುದೆಂಬ ಗುಮಾನಿ. ಎಲ್ಲೋ ಒಂದು ಕಡೆ ಹತ್ತಿದ ಸೋಂಕಿಗೆ ದೇಹವೆಲ್ಲ ಕೆರಳಿ, ಆ ಕೆರಳಿಕೆಯೇ ಅಂಗಾಂಗಗಳನ್ನು ಕೆಡಿಸುವ ಸ್ಥಿತಿ ಅದು. ಸಲೈನ್ ಹಾಕಿಸಿ, ಬಿಳಿ ರಕ್ತಕಣಗಳ ಎಣಿಕೆ ಮತ್ತು ಸಿಆರ್‌ಪಿ ಬೇಗ ಬೇಕೆಂದರು.

ದೇಹದಲ್ಲಿ ಉರಿಯೂತವಾದಾಗ ಯಕೃತ್ತು ತಯಾರಿಸುವ ಒಂದು ಪ್ರೋಟೀನು ಸಿಆರ್‌ಪಿ. ಗಾಜಿನ ಮೇಲೆ ರೋಗಿಯ ಸೀರಮ್ಮಿನ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವದ, ಒಂದು ಹನಿ, ಹಾಲಿನಂಥ ಲ್ಯಾಟೆಕ್ಸ್ ದ್ರಾವಣದ ಒಂದು ಹನಿ ಬೆರೆಸಿ ಅಲ್ಲಾಡಿಸಬೇಕು. ಪ್ರೋಟೀನು ಹೆಚ್ಚಿದ್ದರೆ ಹಾಲು ಒಡೆದಂತೆ ಕಾಳುಕಾಳಾಗುತ್ತದೆ. ಜಯಮ್ಮನ ಸೀರಮ್ಮಿನಲ್ಲಿ ಒಂದು ಕಾಳೂ ಕಟ್ಟಲಿಲ್ಲ. ಬಿಳಿ ಕಣಗಳು 3,600. ಸೋಂಕಿದ್ದವರಲ್ಲಿ ಸಾಮಾನ್ಯವಾಗಿ ಏರಬೇಕಾದ ಸಂಖ್ಯೆ ಇಲ್ಲಿ ಇಳಿದಿತ್ತು. ಎಣಿಕೆಯನ್ನೂ, ಸಿಆರ್‌ಪಿ ನೆಗೆಟಿವ್ ಎಂದೂ ಬರೆದು ಕೊಟ್ಟೆ. ನಮ್ಮಲ್ಲಿ ರಿಪೋರ್ಟು ಡಾಕ್ಟರರ ಮೇಜಿಗೆ ಹೋಗುತ್ತಿದ್ದದ್ದು ರೋಗಿಯ ಕಡೆಯವರ ಕೈಯಲ್ಲೇ. ಅದನ್ನು ತೆಗೆದುಕೊಂಡವನು ಜಯಮ್ಮನ ತಮ್ಮ ಬೋರೇಗೌಡ. ಆತ ನೇರವಾಗಿ ಡಾಕ್ಟರರ ಬಳಿ ಹೋಗದೆ, ಎದುರಿನ ಮೆಡಿಕಲ್ ಸ್ಟೋರಿನಲ್ಲಿ ಓದಿಸಿಕೊಂಡು ಬಂದ.

ಅಷ್ಟರಲ್ಲಿ ಬಣ್ಣ ಹಾಕಿಟ್ಟಿದ್ದ ರಕ್ತದ ಸ್ಲೈಡು ಒಣಗಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದವನಿಗೆ ಇರಿಸುಮುರಿಸಾಯಿತು. ಇದ್ದ ಬಿಳಿ ಕಣಗಳಲ್ಲಿ ಬಹುಪಾಲು ಇನ್ನೂ ಬಲಿಯದವು, ಒಳಗೆ ಕಪ್ಪು ಚುಕ್ಕಿಗಳು ತುಂಬಿದ್ದವು. ಬಲಿತವು ಮುಗಿದು ಎಳೆಯವನ್ನೂ ಕಾಳಗಕ್ಕೆ ಕಳಿಸಿದ ದೇಹ ಹೀಗಿರುತ್ತದೆ. ಸ್ಲೈಡು ಒಂದು ಹೇಳುತ್ತಿತ್ತು, ಸಿಆರ್‌ಪಿ ಇನ್ನೊಂದು. ಎರಡರಲ್ಲಿ ಒಂದು ಸುಳ್ಳು.

ನಾನು ಮೊದಲು ಅನುಮಾನಿಸಿದ್ದು ಫ್ರಿಜ್ಜನ್ನು. ಆ ವಾರವೆಲ್ಲ ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಲ್ಯಾಟೆಕ್ಸ್ ಕೆಟ್ಟಿರಬಹುದು. ಕಿಟ್ಟಿನೊಡನೆ ಬರುವ ಪಾಸಿಟಿವ್ ಮಾದರಿ ಹಾಕಿ ನೋಡಿದೆ. ಚೆನ್ನಾಗಿಯೇ ಕಾಳುಗಟ್ಟಿತು. ಹಾಗಾದರೆ ಟ್ಯೂಬು ಅದಲುಬದಲಾಗಿರಬೇಕು. ನಾನೇ ಹೊಸದಾಗಿ ರಕ್ತ ತೆಗೆಯಲು ವಾರ್ಡಿಗೆ ಹೋದೆ.

ಅಲ್ಲಿ ಅನುಮಾನ ಬೇರೆ ದಾರಿ ಹಿಡಿದಿತ್ತು. ಸೊಸೆ ಮಂಜುಳ ಗಂಜಿಯ ಲೋಟ ಹಿಡಿದು ನಿಂತಿದ್ದಳು. ಬೋರೇಗೌಡ ಅಡ್ಡ ನಿಂತಿದ್ದ.

"ಮೊದ್ಲು ನೀನು ಕುಡಿಯವ್ವ. ಆಮೇಕೆ ನಮ್ಮಕ್ಕುಂಗೆ."

ಮಂಜುಳ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಬೋರೇಗೌಡ ಜಯಮ್ಮನ ಮಗ ಪುಟ್ಟರಾಜುವಿನ ಕಡೆ ತಿರುಗಿದ. "ರಕ್ತದಲ್ಲಿ ಏನೂ ಇಲ್ವಂತೆ ಕಣ್ಲಾ. ಕಾಯ್ಲೆ ಇಲ್ದೆ ಮನುಸ್ರು ಇಂಗಾಯ್ತಾರಾ? ಮದ್ದು ಆಕವ್ರೆ."

ಮದ್ದು ಹಾಕುವುದೆಂದರೆ ಊಟದಲ್ಲಿ ಗುಟ್ಟಾಗಿ ಏನನ್ನೋ ಬೆರೆಸಿ ಮನುಷ್ಯನನ್ನು ಸವೆಸುವುದು ಎಂಬುದು ನಮ್ಮ ಕಡೆಯ ನಂಬಿಕೆ. ಅದನ್ನು ವಾಂತಿ ಮಾಡಿಸಿ ತೆಗೆಯುವವರೂ ಇದ್ದಾರೆ. ನಾಗಮಂಗಲದ ಕಡೆ ಅಂಥವನೊಬ್ಬನ ಬಳಿಗೆ ಒಯ್ಯಲು ಬೋರೇಗೌಡ ವ್ಯಾನು ಕರೆಸಿದ್ದ. ಆ ರಕ್ತದೊತ್ತಡದಲ್ಲಿ ವಾಂತಿ ಮಾಡಿಸಿದರೆ ಜಯಮ್ಮ ದಾರಿಯಲ್ಲೇ ಹೋಗುತ್ತಿದ್ದರು. ಹೋದರೆ ಕೊಲೆಯ ಹೆಸರು ಮಂಜುಳಳಿಗೆ. ಪುಟ್ಟರಾಜು ಹೆಂಡತಿಯ ಮುಖವನ್ನು ನೋಡುತ್ತಲೇ ಇರಲಿಲ್ಲ.

ನರ್ಸಿಗೆ ಡಾಕ್ಟರರನ್ನು ಕರೆಯಲು ಹೇಳಿ, ರಕ್ತ ತೆಗೆದುಕೊಂಡು ಲ್ಯಾಬಿಗೆ ಬಂದೆ. ಹೊಸ ಸೀರಮ್ಮೂ ನೆಗೆಟಿವ್. ಕಿಟ್ಟೂ ಸರಿ, ಟ್ಯೂಬೂ ಸರಿ. ಉಳಿದದ್ದು ಸೀರಮ್ಮೇ. ಆಗ ಕಿಟ್ಟಿನ ಕಾಗದದ ಕೊನೆಯ ಸಾಲೊಂದು ನೆನಪಾಯಿತು: ಪ್ರೋಟೀನು ವಿಪರೀತವಾಗಿದ್ದರೂ ಕಾಳುಗಟ್ಟದೆ ಇರಬಹುದು, ತೆಳುಮಾಡಿ ನೋಡಬೇಕು. ಒಂದು ಲ್ಯಾಟೆಕ್ಸ್ ಕಣ ಇನ್ನೊಂದನ್ನು ಹಿಡಿದುಕೊಂಡರೆ ತಾನೆ ಕಾಳು ಕಟ್ಟುವುದು? ಅವನ್ನು ಜೋಡಿಸುವ ಪ್ರೋಟೀನೇ ಅತಿಯಾದರೆ ಪ್ರತಿ ಕಣದ ಕೈಯೂ ಅದರಿಂದಲೇ ತುಂಬಿಹೋಗುತ್ತದೆ. ಎಲ್ಲರ ಎರಡೂ ಕೈಯಲ್ಲಿ ಕೊಡಗಳಿದ್ದರೆ ಯಾರು ಯಾರ ಕೈ ಹಿಡಿದಾರು?

ಸೀರಮ್ಮನ್ನು ಸಲೈನಿನಲ್ಲಿ ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ತೆಳುಮಾಡುತ್ತ ಹೋದೆ. ಎರಡರಲ್ಲಿ ಮಬ್ಬು. ನಾಲ್ಕರಲ್ಲಿ ದಪ್ಪ ಕಾಳುಗಳು. ಮೂವತ್ತೆರಡು ಪಟ್ಟಿನಲ್ಲೂ ಕಟ್ಟಿತು, ಅರವತ್ತನಾಲ್ಕರಲ್ಲಿ ಕಟ್ಟಲಿಲ್ಲ. ಲೀಟರಿಗೆ 6 ಮಿಲಿಗ್ರಾಮ್ ದಾಟಿದರೆ ಹೆಚ್ಚು ಎನ್ನುವ ಪ್ರೋಟೀನು ಇಲ್ಲಿ ಅದರ ಮೂವತ್ತೆರಡು ಪಟ್ಟು, 192ರ ಆಸುಪಾಸಿನಲ್ಲಿತ್ತು.

ಈ ಸಲ ಕಾಳುಗಟ್ಟಿದ ಗಾಜನ್ನು ನಾನೇ ವಾರ್ಡಿಗೆ ಒಯ್ದೆ. ಡಾಕ್ಟರರು ಬೆಳಕಿಗೆ ಹಿಡಿದು ನೋಡಿ, "ವ್ಯಾನು ಎಲ್ಲೂ ಹೋಗೋ ಹಾಗಿಲ್ಲ" ಎಂದರು.

ಬೋರೇಗೌಡ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಆಗ್ಲೇ ಇಲ್ಲ ಅಂದ್ರಿ, ಈಗ ಐತೆ ಅಂತೀರಿ. ಮಧ್ಯದಲ್ಲಿ ಏನ್ ಮಾಡುದ್ರಿ?"

"ಸಲೈನ್ ಬೆರೆಸಿ ನೋಡಿದೆ."

"ನಮ್ಮೂರ ಡೇರೀಲಿ ನೀರು ಬೆರುಸ್ದೋನ ಹಾಲ್ನ ವಾಪಸ್ ಕಳುಸ್ತೀವಿ ಸಾ. ನೀವು ಬೆರುಸ್ಬುಟ್ಟು ಗಟ್ಟಿ ಅಂತೀರಲ್ಲ."

ವಾರ್ಡಿನಲ್ಲಿ ಯಾರೋ ನಕ್ಕರು. ಎರಡೂ ಕೈಯಲ್ಲಿ ಕೊಡ ಹಿಡಿದವರ ಹೋಲಿಕೆ ಹೇಳಿದೆ. ಆತನಿಗೆ ಅದು ಒಪ್ಪಿಗೆಯಾಗಲಿಲ್ಲ. ಡಾಕ್ಟರರು ವಾದಕ್ಕೆ ನಿಲ್ಲದೆ ಕೇಳಿದರು: "ಇಷ್ಟು ಉರಿಯೂತ ಇದ್ದರೆ ಎಲ್ಲೋ ಕೀವು ತುಂಬಿರಬೇಕು. ಗಾಯ, ಬಾವು ಏನಾದರೂ ಇತ್ತಾ? ಅಡುಗೆಮನೆ ವಿಷಯ ಬಿಡಿ, ಮೈ ವಿಷಯ ಹೇಳಿ."

ಮಂಜುಳ ಅತ್ತೆಯ ಮುಖ ನೋಡಿದಳು. ಆಮೇಲೆ ಗಂಡನ ಮುಖ.

"ಮಂಡಿನೋವ್ಗೆ ಅಂತ ಸಂತೇಲಿ ಒಬ್ಬನ ತಾವ ಸೂಜಿ ಆಕುಸ್ಕಂಡಿದ್ರು ಸಾ. ಸೊಂಟದ ಕೆಳೀಕೆ. ಊದ್ಕಂಡೈತೆ. ದಿನಾ ನಾನೇ ಶಾಖ ಕೊಡ್ತಿದ್ದೆ. ಗಂಡಸ್ರ ಕಿವಿಗೆ ಬಿದ್ದೀತು, ಹೇಳ್ಬೇಡ ಅಂತ ಆಣೆ ಆಕುಸ್ಕಂಡಿದ್ರು."

"ನಿನ್ನ ಕೊಲೆಗಾತಿ ಅಂದ್ರೂ ಹೇಳ್ನಿಲ್ವಾ?" ಎಂದ ಪುಟ್ಟರಾಜು. ಅವನ ದನಿ ಕೇಳಿದ್ದು ಅದೇ ಮೊದಲು.

"ನೀವು ಕೇಳ್ನಿಲ್ಲ."

ನರ್ಸು ಪರದೆ ಎಳೆದು ನೋಡಿ ಬಂದರು. ಅಂಗೈಯಗಲ ಕೆಂಪು, ಒತ್ತಿದರೆ ಒಳಗೆ ಮೆತ್ತಗೆ. ಡಾಕ್ಟರರು ಅಲ್ಲೇ ಕೊಯ್ದು ಕೀವು ತೆಗೆದರು, ಆಂಟಿಬಯೋಟಿಕ್ ಶುರುಮಾಡಿದರು. ರಕ್ತದೊತ್ತಡ ಸ್ವಲ್ಪ ಏರಿದ ಮೇಲೆ, ನಾಗಮಂಗಲಕ್ಕೆಂದು ಬಂದಿದ್ದ ವ್ಯಾನಿನಲ್ಲೇ ಮೈಸೂರಿಗೆ ಕಳಿಸಿದರು. ನರ್ಸಿನ ಪಕ್ಕ ಸಲೈನ್ ಬಾಟಲಿ ಎತ್ತಿ ಹಿಡಿದು ಕೂತವಳು ಮಂಜುಳ. ಜಯಮ್ಮ ಮೂರನೆಯ ವಾರ ಮನೆಗೆ ಬಂದರು. ಬೋರೇಗೌಡ ಮಾತ್ರ ಆಮೇಲೊಮ್ಮೆ ಸಿಕ್ಕಾಗ, "ಕೀವೂ ಇತ್ತು, ಮದ್ದೂ ಇತ್ತೇನೋ, ಯಾರ್ ಕಂಡವ್ರೆ ಬುಡಿ" ಎಂದ.

ಆ ವಾರದಿಂದ ನಮ್ಮಲ್ಲಿ ಎರಡು ಬದಲಾವಣೆಗಳಾದವು. ತೀರಾ ಕೆಟ್ಟ ಸ್ಥಿತಿಯಲ್ಲಿ ಬಂದವರ ಸಿಆರ್‌ಪಿ ನೆಗೆಟಿವ್ ಆದರೆ, ತೆಳುಮಾಡಿ ನೋಡದೆ ಬರೆಯುತ್ತಿರಲಿಲ್ಲ. ಅಂಥವರ ರಿಪೋರ್ಟನ್ನು ನಾನೇ ಡಾಕ್ಟರರಿಗೆ ಮುಟ್ಟಿಸುತ್ತಿದ್ದೆ. ಒಂದು ಫಲಿತಾಂಶವನ್ನು ಎಷ್ಟು ಅನುಮಾನಿಸಬೇಕೆಂದು ಕಿಟ್ಟಿನ ಕಾಗದ ಕಲಿಸುತ್ತದೆ. ಅದೇ ಫಲಿತಾಂಶವನ್ನು ಹಿಡಿದು ಮನೆಯವರು ಯಾರನ್ನು ಅನುಮಾನಿಸಿಯಾರು ಎಂಬುದೂ ಲ್ಯಾಬಿನ ಕೆಲಸದೊಳಗೇ ಬರುತ್ತದೆಂದು ನನಗೆ ತಿಳಿದದ್ದು ಆ ದಿನ.

ಮರುವರ್ಷ ಮಂಜುಳ ಬಸುರಿಯಾಗಿ ರಕ್ತಪರೀಕ್ಷೆಗೆ ಬಂದಳು. ಜೊತೆಗಿದ್ದವರು ಜಯಮ್ಮ. ಎಲ್ಲ ಸರಿಯಾಗಿದೆ ಎಂದು ಹೇಳಿ, ಇಂಗ್ಲಿಷಿನಲ್ಲಿದ್ದ ರಿಪೋರ್ಟು ನೀಡಿದೆ. ಅವಳು ಅದನ್ನು ಅತ್ತೆಯ ಕೈಗೆ ಕೊಡದೆ, ನನಗೇ ಹಿಂತಿರುಗಿಸಿದಳು.

"ಸರಿಯಾಗೈತೆ ಅಂತ ಕನ್ನಡದಲ್ಲಿ ಬರ್ಕೊಡಿ ಸಾ. ನಮ್ಮನೇಲಿ ಓದೋರು ಜಾಸ್ತಿ."