ಮನೆದೇವರ ಹೆಸರಿನ ಪಾಸ್‌ವರ್ಡ್

ಭಯ ಅಂದರೆ ಏನೆಂದು ಪವಿತ್ರಳಿಗೆ ಗೊತ್ತಾದದ್ದು ಹೋದ ಸೋಮವಾರ. ನಂಜನಗೂಡಿನ ಮಹಿಳಾ ಸಹಾಯ ಸಂಘದಲ್ಲಿ ಅವಳದು ಒಂಬತ್ತು ವರ್ಷದ ಕೆಲಸ. ಗಂಡನ ಏಟು ತಾಳಲಾರದೆ ಬಂದ ಹೆಂಗಸರನ್ನು ಗುಟ್ಟಾಗಿ ಎಲ್ಲಾದರೂ ಇರಿಸಿ, ಆ ವಿಳಾಸವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಬರೆದಿಡುತ್ತಿದ್ದಳು. ಹಾಗೆ ಧನುಶ್ರೀಯನ್ನು ತಿ. ನರಸೀಪುರದ ಒಂದು ಮನೆಯಲ್ಲಿ ಇರಿಸಿದ್ದಳು. ಆ ಹುಡುಗಿಯ ಗಂಡ ಪ್ರೇಮ್‌ಕುಮಾರ್ ಮಚ್ಚು ಹಿಡಿದು ನೇರ ಆ ಬಾಗಿಲಿಗೇ ಹೋದ. ಹಿತ್ತಲಿನಿಂದ ಓಡಿದ್ದಕ್ಕೆ ಹುಡುಗಿ ಉಳಿದಳು.

ವಿಳಾಸ ಸೋರಿದ್ದು ಲ್ಯಾಪ್‌ಟಾಪಿನಿಂದಲೇ. ಅದರ ಪಾಸ್‌ವರ್ಡ್ ಮನೆದೇವರ ಹೆಸರು, ಮುಂದೆ ಒಂದು ಎರಡು ಮೂರು. ಈ ಸೀಮೆಯಲ್ಲಿ ವೈಫೈಗೂ ಅದೇ, ಬ್ಯಾಂಕಿಗೂ ಅದೇ. ದೇವರು ಕಾಯುತ್ತಾನೆ ಅನ್ನುವ ಧೈರ್ಯ ಬೇರೆ! ಪ್ರೇಮ್‌ಕುಮಾರನೂ ಅದೇ ದೇವರ ಒಕ್ಕಲು, ಊಹಿಸಲು ಕಷ್ಟವೇನಿಲ್ಲ. ತಾನು ಊಟಕ್ಕೆ ಎದ್ದಾಗ ಕಚೇರಿಗೆ ನುಗ್ಗಿ ನೋಡಿರಬೇಕು ಅಂದುಕೊಂಡಳು.

ಲ್ಯಾಪ್‌ಟಾಪಿನ ವಿಂಡೋಸ್ ತೆಗೆದು, ಬೀಗ ಗಟ್ಟಿಯೆಂದು ಹೆಸರಾದ ಲಿನಕ್ಸ್ ಹಾಕಲೇಬೇಕೆಂದು ಹಠ ಹಿಡಿದಳು. ವಿಡಿಯೊ ನೋಡಿ ನೋಡಿ ಕಣ್ಣು ಕೆಂಪಾಯಿತು. ಲಿನಕ್ಸಿನಲ್ಲೂ ಹಲವು ಬಗೆ. ಟೇಲ್ಸ್ ಪೆನ್‌ಡ್ರೈವಿನಲ್ಲೇ ನಡೆಯುವಂಥದ್ದು, ಅದು ಕಳೆದುಹೋದರೆ? ಕ್ಯೂಬ್ಸ್ ಅವಳ ಹಳೇ ಲ್ಯಾಪ್‌ಟಾಪಿಗೆ ಹೊರಲಾರದ ಭಾರ. ಕೊನೆಗೆ ಡೆಬಿಯನ್ ಎಂದಾಯಿತು, ಇಡೀ ಡಿಸ್ಕಿಗೆ ಬೀಗ ಹಾಕಿ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಹಳೆಯದೆಲ್ಲ ಅಳಿಸಲೇ ಎಂದು ಅದು ಕೇಳಿತು. ಹನ್ನೊಂದು ಹೆಂಗಸರ ಜೀವ ಆ ಪಟ್ಟಿಯಲ್ಲಿತ್ತು. ಪೆನ್‌ಡ್ರೈವಿನಲ್ಲಿ ಕಾಪಿ ಇದೆಯೇ ಎಂದು ಮೂರು ಸಲ ನೋಡಿ ಒತ್ತಿದಳು. ಆಮೇಲೆ ಬೀಗದ ಪಾಸ್‌ವರ್ಡ್ ಕೇಳಿತು. ಮರೆತರೆ ಯಾರಪ್ಪನಿಂದಲೂ ತೆರೆಯಲಾಗದು.

ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ, ಅಂದು ರಜೆಯಲ್ಲಿದ್ದ ಗಂಡ ಮದನ್ ಹಿಂದೆ ಬಂದು ನಿಂತ.

“ಮನೆದೇವ್ರ ಎಸ್ರೇ ಆಕು ಕಣಮ್ಮಿ, ಮರ್ತೋಗಲ್ಲ.”

“ಊಂ, ಅದೇ ಹಾಕ್ತೀನಿ ಕಣ್ರೀ.”

ಹಾಕಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಆರು ಪದ ಹಾಕಿದಳು. ಕಟ್ಟಿಕೊಂಡ ಗಂಡನಿಗೇ ಸುಳ್ಳು ಹೇಳಿದೆನಲ್ಲ ಎಂದು ನಾಚಿಕೆಯೂ ಆಯಿತು.

ಪಟ್ಟಿಯನ್ನು ವಾಪಸ್ ತುಂಬಿ, ಧನುಶ್ರೀಯ ಹೊಸ ವಿಳಾಸ ಸೇರಿಸಿ, ಪೆನ್‌ಡ್ರೈವ್ ಪೂರ್ತಿ ಅಳಿಸಿ, ಲ್ಯಾಪ್‌ಟಾಪ್ ಆರಿಸಿ ಸ್ನಾನಕ್ಕೆ ಹೋದಳು. ಟವೆಲ್ ಮರೆತು ತಿರುಗಿ ಬಂದರೆ ಮದನ್ ಅದರ ಮುಂದೆ ಬಗ್ಗಿ ಕೂತಿದ್ದಾನೆ. ಕಿವಿಗೆ ಫೋನು.

“ಓದ್ ಸಲದಂಗೆ ಮನೆದೇವ್ರ ಎಸ್ರೇ ಆಕ್ದೆ ಕಣ್ಲಾ ಪ್ರೇಮ್‌ಕುಮಾರ, ತೆಗೀತಾನೇ ಇಲ್ಲ. ತಡ್ಕೊ, ಅವಳ್ನೇ ಕೇಳ್ತೀನಿ.”

ಇಬ್ಬರೂ ಒಂದೇ ದೇವರ ಒಕ್ಕಲು. ಪವಿತ್ರ ಸದ್ದಿಲ್ಲದೆ ಬಚ್ಚಲಿಗೆ ಹಿಂದೆ ಸರಿದು ಒಳಗಿನಿಂದ ಚಿಲಕ ಹಾಕಿಕೊಂಡಳು. ಲ್ಯಾಪ್‌ಟಾಪ್ ಬಾಯಿ ಬಿಡಲಿಲ್ಲ. ಇನ್ನು ಅವರು ಬಾಯಿ ಬಿಡಿಸಬೇಕಾದದ್ದು ತನ್ನದು.