ಗೌರಮ್ಮನ ಬೆಣ್ಣೆಗೆ ಲೇಬಲ್ ಇರಲಿಲ್ಲ

ಗೆಳೆಯರೇ, ಇವತ್ತು ಕೊಣನೂರು ಸಂತೆಗೆ ಆಹಾರ ಸುರಕ್ಷತಾ ಅಧಿಕಾರಿ ಬಂದಿದ್ದರು. ಎರಡು ಎಮ್ಮೆ ಸಾಕಿಕೊಂಡು ಬೆಣ್ಣೆ ಮಾರುವ ಗೌರಮ್ಮನ ಮುಂದೆ ನಿಂತು, "ನೋಂದಣಿ ನಂಬರ್ ಇಲ್ಲ, ಲೇಬಲ್ ಇಲ್ಲ. ಅಷ್ಟೂ ಚೆಲ್ಲಿಸ್ತೀನಿ" ಎಂದರು.

ಗೌರಮ್ಮ ಎಲ್ಲ ಗಿರಾಕಿಗಳಿಗೂ ಮಾಡುವಂತೆ ಅವರ ಮುಂಗೈ ಮೇಲೆ ಒಂದು ಚೂರು ಬೆಣ್ಣೆ ಸವರಿದಳು. "ಮೂಸ್ನೋಡಿ ಸಾ. ಕಮಟಾಗಿದ್ರೆ ನೀವ್ಯಾಕೆ, ನಾನೇ ಚೆಲ್ಬುಡ್ತೀನಿ."

ಸಾಹೇಬರು ಮೂಸಿದರು. ಆಮೇಲೆ ನೆಕ್ಕಿದರು. "ಬೇಗ ಅರ್ಜಿ ಹಾಕಮ್ಮ" ಎಂದು ಮೆತ್ತಗೆ ಹೇಳಿ, ಅರ್ಧ ಕೆಜಿ ಬಾಳೆಲೆಯಲ್ಲಿ ಕಟ್ಟಿಸಿಕೊಂಡರು. ಎದುರು ಅಂಗಡಿಯಲ್ಲಿದ್ದ ದೊಡ್ಡ ಕಂಪನಿಯ ತುಪ್ಪದ ಡಬ್ಬಿಯ ಮೇಲೆ ನಂಬರ್ ಓದಿ, ಮುಚ್ಚಳವನ್ನೂ ತೆಗೆಯದೆ ಜೀಪು ಹತ್ತಿದರು.

ಕಾನೂನು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಸ್ವಾಮಿ, ಆ ನಾಲಿಗೆಯನ್ನು ಒಮ್ಮೆ ಫ್ಯಾಕ್ಟರಿಗೂ ಕರೆದುಕೊಂಡು ಹೋಗಿ.